ಕಂಪನಿ ಭಾಗ ಆದಾಗ ನಾವು ಯಾರ ಪಾಲಿಗೆ?

ಪೋಸ್ಟ್ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ, ಆದ್ರೆ ಪೂರ್ತಿ ಓದಿ.

ಹೋದ ಭಾನುವಾರ ಹೊಸದುರ್ಗ ಕಡೆ ಒಂದು ಹಳ್ಳಿಯ ಅಂಬೇಡ್ಕರ್ ಭವನದಲ್ಲಿ ಸಣ್ಣ ಸಭೆ ಇತ್ತು. ಸಭೆ ಮುಗಿದು ಟೀ ಕುಡಿಯೋವಾಗ ಇಬ್ಬರು ಹುಡುಗರಿಗೆ ಜಗಳ ಹತ್ತಿತು. ಕಾರಣ, ಗೋಡೆಗೆ ಒರಗಿಸಿಟ್ಟಿದ್ದ ಹಳೇ ಫ್ಲೆಕ್ಸ್. 2020ರಲ್ಲಿ ಅದೇ ಕೇರಿಯವರು ಚಂದಾ ಎತ್ತಿ ಹಾಕಿಸಿದ್ದ 'ಮಹಾನಾಯಕ' ಧಾರಾವಾಹಿಯ ಬ್ಯಾನರ್ ಅದು. ಬಿಸಿಲಿಗೆ ಬಾಬಾಸಾಹೇಬರ ಕೋಟು ಬೂದಿ ಬಣ್ಣಕ್ಕೆ ತಿರುಗಿದೆ. ಕೆಳಗಡೆ ಸಾಲಾಗಿ ಹಾಕಿದ್ದ ಹುಡುಗರ ಪಾಸ್‌ಪೋರ್ಟ್ ಫೋಟೋಗಳಲ್ಲಿ ಯಾರ ಮುಖವೂ ಗುರುತು ಸಿಗಲ್ಲ. ಒಬ್ಬ ಅಂದ, "ಅಣ್ಣ, ಇದನ್ನ ಇನ್ನೂ ಯಾಕೆ ಇಟ್ಕೊಂಡಿದೀರಿ? ಅದು ಝೀ ನ್ಯೂಸ್‌ನೋರ ಕಂಪನಿ." ಇನ್ನೊಬ್ಬ ರೇಗಿದ, "ಲೇ, ಬೇರೆ ಯಾವ ಚಾನೆಲ್ ಹಾಕ್ತು ಹೇಳು? ಅದು ನಮ್ ಚಾನೆಲ್ಲು."

ಇಬ್ಬರೂ ನನ್ನ ಮುಖ ನೋಡಿದರು. ನಂಗೆ ಕೊನೇ ಬಸ್ಸು ಹಿಡೀಬೇಕಿತ್ತು. "ಇಬ್ರುದೂ ಪೂರ್ತಿ ಸರಿಯಿಲ್ಲ ಕಣ್ರಪ್ಪ, ಬರೀತೀನಿ" ಅಂದು ಬಂದೆ. ಅದಕ್ಕೇ ಇದು.

ಕಂಪನಿ ಭಾಷೆಯಲ್ಲಿ ಇದಕ್ಕೆ ಡೀಮರ್ಜರ್ ಅಂತಾರೆ. ನಮ್ಮ ಕಡೆ ಭಾಗ ಅಂತಾರೆ. ಅಣ್ಣತಮ್ಮಂದಿರು ಭಾಗ ಆಗೋದನ್ನ ನೀವೆಲ್ಲ ನೋಡಿದೀರಿ. ಪಂಚರು ಕೂರ್ತಾರೆ, ಪಾಲುಪಟ್ಟಿ ಆಗುತ್ತೆ. ಕೆಳಗಿನ ಹೊಲ ದೊಡ್ಡೋನಿಗೆ, ತೆಂಗಿನ ತೋಟ ಚಿಕ್ಕೋನಿಗೆ, ಬಾವಿ ಇಬ್ಬರಿಗೂ. ನಾನು ಕಚೇರಿಯಲ್ಲಿ ಗುಮಾಸ್ತ. ಇಂಥ ವಿಭಾಗಪತ್ರಗಳನ್ನ ಎಷ್ಟು ನೋಡಿದೀನೋ ಲೆಕ್ಕ ಇಲ್ಲ. ಒಂದರಲ್ಲೂ ಕಾಣದ ಒಂದು ಬಾಬ್ತು ನಮ್ಮ ಮನೆ ಕಥೆಯಲ್ಲಿದೆ. ನಮ್ಮ ತಾತ ಊರಿನ ಸಾಹುಕಾರರ ಮನೆಯಲ್ಲಿ ಜೀತಕ್ಕಿದ್ದ. ಆ ಮನೆ ಭಾಗ ಆದಾಗ ಎತ್ತು, ನೇಗಿಲು, ಗಾಡಿ ಹಂಚಿದ ಮೇಲೆ ತಾತ ಚಿಕ್ಕ ಸಾಹುಕಾರರ ಪಾಲಿಗೆ ಹೋದ. ಕಾಗದದ ಮೇಲೆ ಎಲ್ಲೂ ಬರೆದಿಲ್ಲ, ಬಾಯಲ್ಲೇ ತೀರ್ಮಾನ. ತಾತನನ್ನ ಯಾರೂ ಕೇಳಲಿಲ್ಲ. ಮಾರನೇ ದಿನ ಬೆಳಿಗ್ಗೆ ಬೇರೆ ಕೊಟ್ಟಿಗೆಯ ಸಗಣಿ ಬಾಚೋಕೆ ಹೋದ, ಅಷ್ಟೇ.

ಇದನ್ನ ತಲೇಲಿಟ್ಕೊಂಡು ಝೀ ಕಥೆ ಕೇಳಿ.

ಮೊದಲು ಗಾಳಿಯೆಲ್ಲ ಸರ್ಕಾರದ್ದೇ ಆಗಿತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದ್ದು, ಅದರ 'ಆಕಾಶವಾಣಿ' ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ತಗೊಂಡಿದ್ದು ಶಾಲೆಯಲ್ಲಿ ಓದಿದೀವಿ. ಅಲ್ಲೂ ಒಂದು ಭಾಗ ಆಯ್ತು. 1976ರ ಏಪ್ರಿಲ್ 1ಕ್ಕೆ ದೂರದರ್ಶನ ಆಕಾಶವಾಣಿಯಿಂದ ಬೇರೆ ಆಯ್ತು. 1997ರಲ್ಲಿ ಎರಡೂ ಪ್ರಸಾರ ಭಾರತಿ ಅನ್ನೋ ಒಂದೇ ಸೂರಿನಡಿ ಮತ್ತೆ ಸೇರಿದವು. ಅದಕ್ಕೆ ಎರಡು ವರ್ಷ ಮೊದಲು, 1995ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪ್ರಸಾರದ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ಮಾತು ಹೇಳಿತು: ತರಂಗಗಳು ಸಾರ್ವಜನಿಕ ಆಸ್ತಿ. ಊರ ಕೆರೆ ಇದ್ದಂಗೆ ಅನ್ಕೊಳ್ಳಿ. ಊರ ಕೆರೆ ಎಲ್ಲರದ್ದೂ ಅಂತ ಮಹಾಡಿನಲ್ಲಿ ಬಾಬಾಸಾಹೇಬರು 1927ರಲ್ಲೇ ನೀರು ಮುಟ್ಟಿ ತೋರಿಸಬೇಕಾಯ್ತು. ಕಾನೂನಲ್ಲಿ ಎಲ್ಲರದ್ದೂ ಆಗೋದೇ ಬೇರೆ, ಬೊಗಸೆ ಇಳಿಯೋದೇ ಬೇರೆ.

ಝೀ ಟಿವಿ ಶುರುವಾಗಿದ್ದು 1992ರ ಅಕ್ಟೋಬರ್ 2ಕ್ಕೆ. ಮಾಲೀಕರು ಸುಭಾಷ್ ಚಂದ್ರ. ಹದಿನಾಲ್ಕು ವರ್ಷದಲ್ಲಿ ಝೀ ಟೆಲಿಫಿಲ್ಮ್ಸ್ ಅನ್ನೋ ಒಂದೇ ಕಂಪನಿಯ ಹೊಟ್ಟೆಯೊಳಗೆ ಹಿಂದಿ ಧಾರಾವಾಹಿ, ನ್ಯೂಸ್, ಪ್ರಾದೇಶಿಕ ಭಾಷೆಯ ಚಾನೆಲ್, ಕೇಬಲ್, ಡಿಶ್ ಎಲ್ಲ ಸೇರಿಕೊಂಡಿದ್ದವು. 2006ರಲ್ಲಿ ಭಾಗ ಆಯ್ತು. ಆಗಿನ ಕಂಪನಿ ಕಾಯ್ದೆ 1956ರ 391ರಿಂದ 394ನೇ ಕಲಮಿನಡಿ ಹೈಕೋರ್ಟೇ ಪಂಚರ ಜಾಗದಲ್ಲಿ ಕೂರಬೇಕು, ಕೂತಿತು. ನಾಲ್ಕು ಪಾಲಾಯ್ತು. ಮನರಂಜನೆ ಹಳೇ ಮನೆಯಲ್ಲೇ ಉಳೀತು, ಅದೇ ಮುಂದೆ ಝೀ ಎಂಟರ್‌ಟೈನ್‌ಮೆಂಟ್ ಎಂಟರ್‌ಪ್ರೈಸಸ್ ಅಂತ ಹೆಸರು ಬದಲಿಸಿಕೊಂಡಿತು. ಕೇಬಲ್ ವ್ಯವಹಾರ ವೈರ್ ಅಂಡ್ ವೈರ್‌ಲೆಸ್ ಅನ್ನೋ ಕಂಪನಿಗೆ. ಮನೆ ಮೇಲಿನ ಡಿಶ್ ವ್ಯವಹಾರ ಮುಂದೆ ಡಿಶ್ ಟಿವಿ ಅಂತಲೇ ಹೆಸರಾದ ಕಂಪನಿಗೆ. ನಾಲ್ಕನೇದು ಝೀ ನ್ಯೂಸ್ ಲಿಮಿಟೆಡ್.

ಹಳೇ ಕಂಪನಿಯಲ್ಲಿ ಷೇರು ಇದ್ದೋರಿಗೆಲ್ಲ ಹೊಸ ಕಂಪನಿಗಳಲ್ಲೂ ಇಂತಿಷ್ಟು ಅಂತ ಷೇರು ಸಿಕ್ಕಿತು. ಮನೆಯವರೇ ಮನೆ ಹಂಚಿಕೊಂಡಂಗೆ. ಯಾಕೆ ಬೇಕಿತ್ತು ಈ ಭಾಗ? ಒಂದು, ಒಂದೊಂದು ವ್ಯವಹಾರಕ್ಕೂ ಒಂದೊಂದು ಥರದ ಬಂಡವಾಳ ಬೇಕು. ಎರಡು, ಸರ್ಕಾರದ ನಿಯಮ. ನ್ಯೂಸ್ ಚಾನೆಲ್‌ನಲ್ಲಿ ವಿದೇಶಿ ಬಂಡವಾಳ ಆಗ ನೂರಕ್ಕೆ 26 ದಾಟುವಂತಿರಲಿಲ್ಲ, ಮನರಂಜನೆ ಚಾನೆಲ್‌ಗೆ ಆ ಮಿತಿ ಇರಲಿಲ್ಲ. ಸುದ್ದಿ ಒಂದು ಕೋಣೆಯಲ್ಲಿ, ಧಾರಾವಾಹಿ ಇನ್ನೊಂದು ಕೋಣೆಯಲ್ಲಿ ಇದ್ದರೆ ಹೊರಗಿನ ದುಡ್ಡು ಬರೋದು ಸಲೀಸು.

ಈಗ ಕೇಳಿ. ಝೀ ಕನ್ನಡ ಹುಟ್ಟಿದ್ದು ಇದೇ 2006ರ ಮೇ ತಿಂಗಳಲ್ಲಿ. ಅದು ಯಾರ ಪಾಲಿಗೆ ಹೋಯ್ತು? ಹಾಡು, ಧಾರಾವಾಹಿ, ಅಡುಗೆ ಹಾಕೋ ಚಾನೆಲ್ಲು ಮನರಂಜನೆ ಕಂಪನಿಗೆ ಹೋಗಬೇಕಲ್ವಾ? ಇಲ್ಲ. ಝೀ ನ್ಯೂಸ್ ಲಿಮಿಟೆಡ್ ಪಾಲಿಗೆ ಬಂತು. 'ನ್ಯೂಸ್ ಮತ್ತು ಪ್ರಾದೇಶಿಕ' ಅಂತ ಒಂದು ಗಂಟು ಕಟ್ಟಿದ್ದರು, ಮರಾಠಿ, ಬಂಗಾಳಿ, ತೆಲುಗಿನ ಜೊತೆ ಕನ್ನಡವೂ ಆ ಗಂಟಲ್ಲಿ. ಮುಂಬೈನಲ್ಲಿ ಕೂತು ನೋಡಿದರೆ ಕನ್ನಡ ಒಂದು ಭಾಷೆ ಅಲ್ಲ, ಒಂದು 'ಪ್ರಾದೇಶಿಕ' ಬಾಬ್ತು. ಬೆಂಗಳೂರಲ್ಲಿ ಕೂತು ನೋಡಿದರೆ ಚಿತ್ರದುರ್ಗ ಹಂಗೇ ಕಾಣುತ್ತೆ, ದುರ್ಗದಲ್ಲಿ ಕೂತು ನೋಡಿದರೆ ನಮ್ಮ ಕೇರಿ ಹಂಗೇ ಕಾಣುತ್ತೆ. ಅದು ಇರಲಿ.

ಅಂದ್ರೆ ನಮ್ಮ ಮೊದಲನೇ ಹುಡುಗ ಹೇಳಿದ್ದು 2006ರಿಂದ 2010ರವರೆಗೆ ಅಕ್ಷರಶಃ ನಿಜ. ಝೀ ಕನ್ನಡ ಝೀ ನ್ಯೂಸ್ ಕಂಪನಿಯದ್ದೇ. 2010ರಲ್ಲಿ ಮತ್ತೊಂದು ಭಾಗ ಆಗಿ ಪ್ರಾದೇಶಿಕ ಮನರಂಜನೆ ಚಾನೆಲ್‌ಗಳೆಲ್ಲ ಝೀ ಎಂಟರ್‌ಟೈನ್‌ಮೆಂಟಿಗೆ ವಾಪಸ್ ಹೋದವು. ಝೀ ನ್ಯೂಸ್ ಲಿಮಿಟೆಡ್ ಬರೀ ಸುದ್ದಿ ಕಂಪನಿಯಾಗಿ ಉಳಿದು 2013ರಲ್ಲಿ ಝೀ ಮೀಡಿಯಾ ಅಂತ ಹೆಸರಿಟ್ಟುಕೊಂಡಿತು. ಅಲ್ಲಿಂದಾಚೆ ಎರಡೂ ಬೇರೆ ಬೇರೆ ಕಂಪನಿ, ಷೇರುಪೇಟೆಯಲ್ಲಿ ಬೇರೆ ಬೇರೆ ಹೆಸರು. ಗೊಂದಲ ಯಾಕೆ ಹೋಗಲಿಲ್ಲ ಅಂದ್ರೆ 2022ರಲ್ಲಿ ಝೀ ಮೀಡಿಯಾದವರು 'ಝೀ ಕನ್ನಡ ನ್ಯೂಸ್' ಅಂತ ಡಿಜಿಟಲ್ ಚಾನೆಲ್ ತಂದರು. ಹೆಸರು ಒಂದೇ ಥರ, ಮನೆ ಬೇರೆ.

ಆ 2006ನೇ ಇಸವಿ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಹಾಗೇ ದಾಟಿ ಹೋಗೋಕೆ ಮನಸ್ಸು ಬರ್ತಿಲ್ಲ.

ಅದೇ ವರ್ಷ ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್, ಯೋಗೇಂದ್ರ ಯಾದವ್ ಮೂವರು ಸೇರಿ ದೆಹಲಿಯ ಮಾಧ್ಯಮ ಕಚೇರಿಗಳ ಲೆಕ್ಕ ತೆಗೆದರು. 37 ಸಂಸ್ಥೆ. ಯಾವ ಸುದ್ದಿ ಹೋಗಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡೋ ಕುರ್ಚಿಯಲ್ಲಿದ್ದ 315 ಜನ. ಅದರಲ್ಲಿ ದಲಿತರು ಎಷ್ಟು? ಸೊನ್ನೆ. ಆದಿವಾಸಿಗಳು? ಸೊನ್ನೆ. ಒಂದೋ ಎರಡೋ ಅಲ್ಲ, ಸೊನ್ನೆ. ಅದಕ್ಕೂ ಹತ್ತು ವರ್ಷ ಮೊದಲು, 1996ರಲ್ಲಿ, ಬಿ.ಎನ್. ಉನಿಯಾಲ್ ಅನ್ನೋ ಪತ್ರಕರ್ತರು ಒಬ್ಬ ದಲಿತ ಪತ್ರಕರ್ತನನ್ನ ಹುಡುಕಿ ಹೊರಟು, ಮಾನ್ಯತೆ ಪಡೆದವರ ಪಟ್ಟಿಯ 686 ಹೆಸರಲ್ಲಿ ಒಬ್ಬರೂ ಸಿಗಲಿಲ್ಲ ಅಂತ ಬರೆದಿದ್ದರು. 2019ರಲ್ಲಿ ಆಕ್ಸ್‌ಫಾಮ್ ಮತ್ತು ನ್ಯೂಸ್‌ಲಾಂಡ್ರಿ ಮತ್ತೆ ಎಣಿಸಿದಾಗ ಪತ್ರಿಕೆ, ಟಿವಿ, ವೆಬ್‌ಸೈಟ್ ಸೇರಿ 121 ದೊಡ್ಡ ಹುದ್ದೆಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ಎಸ್‌ಸಿ, ಎಸ್‌ಟಿ? ಮತ್ತೆ ಸೊನ್ನೆ. ಕಂಪನಿ ಭಾಗ ಆಯ್ತು, ಮತ್ತೆ ಕೂಡಿತು, ಟಿವಿ ಹೋಗಿ ಮೊಬೈಲ್ ಬಂತು. ಸೊನ್ನೆಯನ್ನ ನಾಲ್ಕು ಪಾಲು ಮಾಡಿದರೂ ಸೊನ್ನೆಯೇ.

ಅದರ ಫಲ ಏನು? ಅದೇ 2006ರ ಸೆಪ್ಟೆಂಬರ್ 29. ಮಹಾರಾಷ್ಟ್ರದ ಭಂಡಾರಾ ಜಿಲ್ಲೆಯ ಖೈರ್ಲಾಂಜಿ. ಸುರೇಖಾ ಭೋತಮಾಂಗೆ ಮತ್ತು ಅವರ ಮೂವರು ಮಕ್ಕಳನ್ನ ಊರೇ ಸೇರಿ ಕೊಂದಿತು. ದೊಡ್ಡ ಮಾಧ್ಯಮ ಆ ಕಡೆ ತಿರುಗಿ ನೋಡೋಕೆ ಹತ್ತಿರ ಹತ್ತಿರ ಒಂದು ತಿಂಗಳು ಬೇಕಾಯ್ತು. ಅದೂ ನಮ್ಮವರು ಬೀದಿಗೆ ಇಳಿದ ಮೇಲೆ. ಅಷ್ಟು ಹೊತ್ತಿಗೆ ದೇಶದಲ್ಲಿ 24 ಗಂಟೆ ಸುದ್ದಿ ಚಾನೆಲ್‌ಗೇನೂ ಕೊರತೆ ಇರಲಿಲ್ಲ. ಗಂಟೆಗಳು 24 ಇದ್ದವು, ಖೈರ್ಲಾಂಜಿಗೆ ಒಂದು ಗಂಟೆ ಇರಲಿಲ್ಲ.

ನಮ್ಮ ಕೇರಿಗೆ ಟಿವಿ ಬಂದ ದಾರಿಯೂ ನೇರ ಇಲ್ಲ. 1994ರಲ್ಲಿ ಉದಯ ಟಿವಿ ಬಂದಾಗ ನಾನು ಹೈಸ್ಕೂಲು. ಊರಲ್ಲಿ ಕೇಬಲ್ ಎಳೆದರು. ವೈರು ಊರಿನ ಕೊನೇ ಕಂಬದವರೆಗೆ ಬಂದು ನಿಂತಿತು. ಕೇರಿಗೆ ಇನ್ನು ನಾಲ್ಕು ಕಂಬ. "ಆ ಕಡೆ ದುಡ್ಡು ವಸೂಲಾಗಲ್ಲ" ಅಂದ ಕೇಬಲ್‌ನೋನು. ಬಾಡಿಗೆ ಮುಂಗಡ ಕೊಡ್ತೀವಿ ಅಂದ್ರೂ ಎಳೀಲಿಲ್ಲ. ಚಂದನ ನೋಡಿದ್ವಿ, ಇಲ್ಲ ಊರವರ ಕಿಟಕಿ ಹೊರಗೆ ನಿಂತು ನೋಡಿದ್ವಿ, ಕಿಟಕಿ ಹಾಕಿದರೆ ವಾಪಸ್ ಬಂದ್ವಿ. ಡಿಶ್ ಬಂದ ಮೇಲೆ ಆ ನಾಲ್ಕು ಕಂಬದ ಹಂಗು ತಪ್ಪಿತು. ಆಕಾಶದಿಂದ ಬರೋದಕ್ಕೆ ಕೇರಿ ಯಾವುದು, ಊರು ಯಾವುದು ಗೊತ್ತಾಗಲ್ಲ. 2004ರ ಡಿಸೆಂಬರಲ್ಲಿ ದೂರದರ್ಶನದ ಉಚಿತ ಡಿಶ್ ಶುರುವಾಯ್ತು, ಖಾಸಗಿಯವರದ್ದು ಅದಕ್ಕೂ ಒಂದು ವರ್ಷ ಮೊದಲೇ. ನಮ್ಮ ಮನೆ ಸೂರಿನ ಮೇಲೆ ತಟ್ಟೆ ಕೂತಿದ್ದು 2009ರಲ್ಲಿ, ನನ್ನ ಸಂಬಳ ಶುರುವಾದ ಮೇಲೆ. ಕಂಪನಿ ಮಾಡಿದ ನಾಲ್ಕು ಪಾಲಿನಲ್ಲಿ ಕೇಬಲ್ ಪಾಲು ನಮ್ಮ ಬಾಗಿಲಿಗೆ ಬರಲೇ ಇಲ್ಲ, ಡಿಶ್ ಪಾಲು ಬಂತು. ಅದೂ ನಮ್ಮ ಮೇಲಿನ ಪ್ರೀತಿಗಲ್ಲ, ತಿಂಗಳ ರೀಚಾರ್ಜಿಗೆ.

ಬೇರೆ ಚಾನೆಲ್‌ಗಳೇನೂ ಭಾಗ ಆಗದೆ ಉಳಿದಿಲ್ಲ. ಏಷ್ಯಾನೆಟ್‌ನವರು 2007ರಲ್ಲಿ ಸುವರ್ಣ ತಂದರು. 2008ರ ಕೊನೆಗೆ ಧಾರಾವಾಹಿಯ ಸುವರ್ಣ ಸ್ಟಾರ್ ಕಡೆ ಹೋಯ್ತು, ಸುವರ್ಣ ನ್ಯೂಸ್ ರಾಜೀವ್ ಚಂದ್ರಶೇಖರ್ ಕಡೆ ಉಳೀತು. ಕಾರಣ ಅಲ್ಲೂ ಆ ವಿದೇಶಿ ಬಂಡವಾಳದ ಮಿತಿ. ರಾಮೋಜಿ ರಾವ್ ಅವರ ಈಟಿವಿ ಕನ್ನಡ 2000ದಲ್ಲಿ ಬಂದಿದ್ದು, 2012ರಲ್ಲಿ ಈಟಿವಿ ಮನೆ ಭಾಗ ಆದಾಗ ತೆಲುಗು ಹೆಚ್ಚಾಗಿ ಅವರ ಹತ್ತಿರವೇ ಉಳೀತು, ಕನ್ನಡದಲ್ಲಿ ಅರ್ಧ ಪಾಲು ನೆಟ್‌ವರ್ಕ್ 18ಗೆ ಹೋಯ್ತು, 2015ರಲ್ಲಿ ಕಲರ್ಸ್ ಕನ್ನಡ ಆಯ್ತು. 2024ರ ನವೆಂಬರಲ್ಲಿ ಸ್ಟಾರ್ ಮತ್ತು ರಿಲಯನ್ಸ್ ಕೂಡಿ ಜಿಯೋಸ್ಟಾರ್ ಆದ ಮೇಲೆ ಸ್ಟಾರ್ ಸುವರ್ಣ, ಕಲರ್ಸ್ ಕನ್ನಡ ಎರಡೂ ಈಗ ಒಂದೇ ಮನೆ. ರಿಮೋಟಲ್ಲಿ ಚಾನೆಲ್ ಬದಲಿಸ್ತೀವಿ, ಮಾಲೀಕ ಬದಲಾಗಲ್ಲ.

ಈಗ ಬ್ಯಾನರಿನ ವಿಷಯ.

2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ 'ಸತ್ಯಮೇವ ಜಯತೆ' ಬಂತು. ತಮಿಳು, ತೆಲುಗು, ಮಲಯಾಳದಲ್ಲಿ ಜನ ಅವರವರ ಭಾಷೆಯಲ್ಲೇ ನೋಡಿದರು. ಕನ್ನಡದಲ್ಲಿ ಬರಲಿಲ್ಲ. ಡಬ್ಬಿಂಗ್ ಬೇಡ ಅಂತ ಇಲ್ಲಿನ ಚಿತ್ರರಂಗ ಅಡ್ಡ ನಿಂತಿತು. ಜುಲೈ 8ರ ಕಂತು ಅಸ್ಪೃಶ್ಯತೆ ಬಗ್ಗೆ. ಹಿಂದಿ ಬಾರದ ನಮ್ಮವ್ವ ಅದನ್ನ ನೋಡಲಿಲ್ಲ. ಕನ್ನಡ ಉಳಿಸೋಕೆ ಅಂತ ಹೇಳಿದರು. ಕನ್ನಡ ಬಿಟ್ಟು ಬೇರೆ ಏನೂ ಬಾರದವರ ಕೈಯಿಂದ ಕಿತ್ತುಕೊಂಡು ಕನ್ನಡ ಉಳಿಸೋದು ಹೆಂಗೆ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. 2015ರ ಜುಲೈನಲ್ಲಿ ಸ್ಪರ್ಧಾ ಆಯೋಗ ಈ ಅಡ್ಡಗೋಡೆ ಕಾನೂನಿಗೆ ವಿರುದ್ಧ ಅಂತ ಆದೇಶ ಮಾಡಿ ದಂಡ ಹಾಕಿತು. ಆಮೇಲೂ ಟಿವಿಯವರು ಹಿಂಜರಿದರು. ಹಿಂಜರಿಕೆ ಮುರಿದಿದ್ದು 2020ರ ಕೊರೊನಾ. ಶೂಟಿಂಗ್ ನಿಂತು ಹೋಯ್ತು, ತೋರಿಸೋಕೆ ಸರಕಿಲ್ಲ, ಡಬ್ಬಿಂಗ್ ಧಾರಾವಾಹಿಗಳು ಸಾಲುಗಟ್ಟಿ ಬಂದವು.

ಝೀ ಎಂಟರ್‌ಟೈನ್‌ಮೆಂಟಿನ ಹಿಂದಿ ಚಾನೆಲ್ ಆ್ಯಂಡ್ ಟಿವಿಯಲ್ಲಿ 2019ರ ಡಿಸೆಂಬರಿಂದ ಬಾಬಾಸಾಹೇಬರ ಜೀವನದ ಧಾರಾವಾಹಿ ಬರ್ತಾ ಇತ್ತು. ಝೀ ಕನ್ನಡವೂ 2010ರಿಂದ ಅದೇ ಕಂಪನಿ. ಮನೆಯೊಳಗಿನ ಸರಕು, ಅಡುಗೆಮನೆಯಿಂದ ಪಡಸಾಲೆಗೆ ತಂದಂಗೆ. 2020ರ ಜುಲೈ 4, ಶನಿವಾರ, ಕನ್ನಡದಲ್ಲಿ 'ಮಹಾನಾಯಕ' ಶುರುವಾಯ್ತು. ಹಂಸಲೇಖ ಅವರು ಶೀರ್ಷಿಕೆ ಗೀತೆ ಮಾಡಿದರು. ನಮ್ಮ ಬೀದಿಯಲ್ಲಿ ಆಗ ರೀಚಾರ್ಜ್ ಇದ್ದದ್ದು ಆರು ಮನೆಯಲ್ಲಿ. ಕೊರೊನಾ ಭಯದಲ್ಲೂ ಆ ಆರು ಮನೆ ಬಾಗಿಲು ಶನಿವಾರ, ಭಾನುವಾರ ತೆರೆದೇ ಇರ್ತಿದ್ದವು. ಮುಖಕ್ಕೆ ಟವೆಲ್ ಕಟ್ಕೊಂಡು ಹೊಸಿಲ ಹೊರಗೆ ಕೂತೋರೂ ಇದ್ದರು. ಇದೂ ಒಂದು ಕಿಟಕಿಯೇ, ಆದ್ರೆ ಯಾರೂ ಹಾಕಲಿಲ್ಲ.

ಪುಟ್ಟ ಭೀಮ ಶಾಲೆಯಲ್ಲಿ ನೀರಿಗೆ ಕಾಯೋ ದೃಶ್ಯ ಬಂದ ದಿನ ಅವ್ವ ಎದ್ದು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಬಂದು ಕೂತು, "ನಿಮ್ ತಾತನ್ನೂ ಹಂಚ್ಕೊಂಡಿದ್ರು ಕಣೋ" ಅಂದಳು. ಮೇಲೆ ಹೇಳಿದೆನಲ್ಲ ಸಾಹುಕಾರರ ಮನೆ ಭಾಗದ ಕಥೆ, ಅದು ನಂಗೆ ಗೊತ್ತಾಗಿದ್ದೇ ಅವತ್ತು. ಇಪ್ಪತ್ತು ವರ್ಷದಿಂದ ಸಂಘಟನೆಯಲ್ಲಿದ್ದೀನಿ, ಜೀತ ವಿಮುಕ್ತಿ ಬಗ್ಗೆ ವೇದಿಕೆ ಮೇಲೆ ಭಾಷಣ ಮಾಡಿದೀನಿ. ನನ್ನ ಮನೆಯೊಳಗಿನ ಮಾತು ಹೊರಗೆ ಬರೋಕೆ ಒಂದು ಡಬ್ಬಿಂಗ್ ಧಾರಾವಾಹಿ ಬೇಕಾಯ್ತು. ನಾಚಿಕೆ ಆಯ್ತು, ಬರೀತಿದೀನಿ.

ಕೆಲವೇ ವಾರದಲ್ಲಿ ಚಾನೆಲ್‌ನ ಮುಖ್ಯಸ್ಥರಾಗಿದ್ದ ರಾಘವೇಂದ್ರ ಹುಣಸೂರು ಅವರು ಧಾರಾವಾಹಿ ನಿಲ್ಲಿಸಿ ಅಂತ ಬೆದರಿಕೆ ಕರೆ ಬರ್ತಿವೆ, ನಿಲ್ಲಿಸಲ್ಲ ಅಂತ ಟ್ವಿಟರ್‌ನಲ್ಲಿ ಬರೆದರು. ಆಮೇಲೆ ಆಗಿದ್ದು ನಿಮಗೆಲ್ಲ ಗೊತ್ತು. ಕೇರಿ ಕೇರಿಯಲ್ಲಿ ಫ್ಲೆಕ್ಸ್ ಎದ್ದವು. ಕೆಲವು ಕಡೆ ಹರಿದರು, ಹರಿದ ಕಡೆ ಎರಡು ಹಾಕಿದರು. ಕಂಪನಿ ಒಂದು ರೂಪಾಯಿ ಕೊಡಲಿಲ್ಲ, ನಾವೂ ಕೇಳಲಿಲ್ಲ. ಕೂಲಿ ಇಲ್ಲದ ಕಾಲದಲ್ಲಿ ಮನೆಗೆ ಐವತ್ತು, ನೂರು ಅಂತ ಎತ್ತಿದ ದುಡ್ಡು. ಒಂದು ಟಿವಿ ಕಾರ್ಯಕ್ರಮಕ್ಕೆ ನೋಡುಗರೇ ಕೈಯಿಂದ ಖರ್ಚು ಮಾಡಿ ಜಾಹೀರಾತು ಹಾಕಿದ್ದನ್ನ ನಾನಂತೂ ಬೇರೆ ಎಲ್ಲೂ ಕಂಡಿಲ್ಲ.

ಇದರ ತಿರುಗುಮುರುಗು ನೋಡಿ. 1920ರ ಜನವರಿ 31ಕ್ಕೆ ಬಾಬಾಸಾಹೇಬರು 'ಮೂಕನಾಯಕ' ಪತ್ರಿಕೆ ತಂದಾಗ, ದುಡ್ಡು ಕೊಡ್ತೀವಿ ಅಂದ್ರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ಶಾಹು ಮಹಾರಾಜರು ಕೊಟ್ಟ 2,500 ರೂಪಾಯಿಯಲ್ಲಿ ಪತ್ರಿಕೆ ನಡೀತು. ಅದು ನಿಂತಾಗ 'ಬಹಿಷ್ಕೃತ ಭಾರತ', ಆಮೇಲೆ 'ಜನತಾ', ಆಮೇಲೆ 'ಪ್ರಬುದ್ಧ ಭಾರತ'. ನಿಂತಷ್ಟು ಸಲ ಮತ್ತೆ ಶುರು ಮಾಡಿದರು, ಇನ್ನೊಬ್ಬರ ಪತ್ರಿಕೆಯಲ್ಲಿ ಅಂಕಣ ಸಿಕ್ಕಿತು ಅಂತ ಸುಮ್ಮನಾಗಲಿಲ್ಲ. ನಮ್ಮಲ್ಲಿ 70ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು 'ಪಂಚಮ' ತಂದದ್ದೂ ಅದಕ್ಕೇ. ನೂರು ವರ್ಷ ಕಳೆದ ಮೇಲೆ ಬಾಬಾಸಾಹೇಬರು ಬೇರೆಯವರ ಚಾನೆಲ್ಲಿನಲ್ಲಿ ಬಂದರು, ಜಾಹೀರಾತು ನಾವು ಹಾಕಿದ್ವಿ.

ಹಂಗಾದ್ರೆ ಝೀ ಕನ್ನಡ ಯಾರದು? ಎರಡನೇ ಹುಡುಗನಿಗೆ ಹೇಳಬೇಕಾದ್ದು ಇದು. ನಮ್ಮದಂತೂ ಅಲ್ಲ. ಹೋಗಲಿ, ಸುಭಾಷ್ ಚಂದ್ರ ಕುಟುಂಬದ್ದಾ ಅಂದ್ರೆ, 2019ರ ಸಾಲದ ಬಿಕ್ಕಟ್ಟಲ್ಲಿ ಷೇರು ಮಾರಿ ಮಾರಿ ಝೀ ಎಂಟರ್‌ಟೈನ್‌ಮೆಂಟಲ್ಲಿ ಅವರ ಪಾಲು ನೂರಕ್ಕೆ ನಾಲ್ಕರ ಆಸುಪಾಸಿಗೆ ಇಳಿದಿತ್ತು. ಉಳಿದದ್ದು ವಿದೇಶಿ ಫಂಡು, ಮ್ಯೂಚುವಲ್ ಫಂಡು, ಬಿಡಿ ಷೇರುದಾರರು. ಎಲ್‌ಐಸಿಯೂ ಷೇರುದಾರರ ಪಟ್ಟಿಯಲ್ಲಿತ್ತು. ನನ್ನ ಸಂಬಳದಲ್ಲಿ ತಿಂಗಳಾ ಹಿಡಿಯೋ ಎಲ್‌ಐಸಿ ಕಂತಿನ ಯಾವುದೋ ಚಿಲ್ಲರೆ ಅಲ್ಲಿಗೆ ಹೋಗಿದ್ದರೂ ಹೋಗಿರಬಹುದು. ಮಾತಿಗೆ ಹೇಳಿದೆ. ಕುರ್ಚಿ ಕೊಡಲ್ಲ ಅದು. 2021ರಲ್ಲಿ ಸೋನಿ ಜೊತೆ ಕೂಡಿಕೆ ಅಂತ ಕರಾರು ಆಯ್ತು, 2024ರ ಜನವರಿ 22ಕ್ಕೆ ಸೋನಿಯವರು ಮುರಿದುಕೊಂಡರು. ಕೂಡಿದ್ದರೆ ಇಷ್ಟು ಹೊತ್ತಿಗೆ ಝೀ ಕನ್ನಡಕ್ಕೆ ಜಪಾನಿನ ಯಜಮಾನರು. ನಮ್ಮ ಕೇರಿಯ ಆರು ಮನೆಗೆ ಸುದ್ದಿ ಕೂಡ ಮುಟ್ಟುತ್ತಿರಲಿಲ್ಲ, ತಾತನಿಗೆ ಮುಟ್ಟಿದಂಗೆ ಬೆಳಿಗ್ಗೆ ಎದ್ದಾಗ ಕೊಟ್ಟಿಗೆ ಬದಲಾಗಿರ್ತಿತ್ತು.

ಮೊದಲನೇ ಹುಡುಗನಿಗೂ ಒಂದು ಮಾತು. ಮುಖ್ಯಸ್ಥರ ಕುರ್ಚಿಯಲ್ಲಿದ್ದ ಒಬ್ಬ ಮನುಷ್ಯ ಬೆದರಿಕೆಗೆ ಬಗ್ಗಲಿಲ್ಲ, ಅದನ್ನ ಕಂಪನಿ ಜಾತಕ ತೋರಿಸಿ ಅಳಿಸೋಕಾಗಲ್ಲ. ಬ್ಯಾನರ್ ಹಾಕಿದ್ದೂ ಕಂಪನಿಗಲ್ಲ. ಆ ಫ್ಲೆಕ್ಸಿನಲ್ಲಿ ಚಾನೆಲ್ ಲೋಗೋ ಎಷ್ಟು ದೊಡ್ಡದಿದೆ, ಬಾಬಾಸಾಹೇಬರು ಎಷ್ಟು ದೊಡ್ಡದಿದ್ದಾರೆ ನೋಡು, ಗೊತ್ತಾಗುತ್ತೆ.

ಕೊನೆಗೆ ಒಂದು ಕೆಲಸ. 2020ರಲ್ಲಿ ನಿಮ್ಮ ಕೇರಿಯಲ್ಲಿ ಹಾಕಿದ ಬ್ಯಾನರಿನ ಫೋಟೋ ನಿಮ್ಮ ಹಳೇ ಫೋನಲ್ಲಿ ಇದ್ದೇ ಇರುತ್ತೆ. ಹಿರಿಯೂರು, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮೂರು, ಯಾವ ತಾಲ್ಲೂಕಾದರೂ ಸರಿ. ಊರಿನ ಹೆಸರು, ಹಾಕಿದ ತಿಂಗಳು, ಎಷ್ಟು ದುಡ್ಡು ಎತ್ತಿದ್ರಿ, ಹರಿದಿದ್ರಾ ಇಲ್ವಾ, ಇಷ್ಟು ಬರೆದು ಇನ್‌ಬಾಕ್ಸಿಗೆ ಕಳಿಸಿ. ಕಂಪನಿಯವರ ಕಡತದಲ್ಲಿ ಅದು ರೇಟಿಂಗ್ ಅಂಕಿ ಆಗಿ ಇರುತ್ತೆ, ನಮ್ಮ ಹತ್ತಿರ ನಮ್ಮ ಲೆಕ್ಕ ಇರಲಿ. ಮಕ್ಕಳ ಮುಖ ಇರೋ ಫೋಟೋ ಇಲ್ಲಿ ಕಾಮೆಂಟಲ್ಲಿ ಹಾಕಬೇಡಿ.

ಆ ಹಳ್ಳಿಯ ಫ್ಲೆಕ್ಸನ್ನ ಮಳೆ ತಾಗದ ಕಡೆ ಸುತ್ತಿಡಿ ಅಂತ ಹೇಳಿ ಬಂದಿದೀನಿ.

ಜೈ ಭೀಮ್.